ಬೀಡಿ ಬಿಡಿಸಲಿಕ್ಕೂ ಕನ್ನಡ ಬೇಕು!

ಬ್ಯಾಂಕಿನ ಚಲನ್ ಕನ್ನಡದಲ್ಲಿ ಬೇಕು ಎಂದು ಕೂಗಿದ್ದೇವೆ. ಅಂಗಡಿಯ ಬೋರ್ಡಿನಲ್ಲಿ ಕನ್ನಡ ಮೇಲಿರಲಿ ಎಂದು ಬೀದಿಗಿಳಿದಿದ್ದೇವೆ. 2017ರಲ್ಲಿ ನಮ್ಮ ಮೆಟ್ರೋ ನಿಲ್ದಾಣಗಳಲ್ಲಿ ಹಿಂದಿ ಫಲಕ ಬೇಡ ಎಂದು ಗಂಟಲು ಹರಿದುಕೊಂಡೆವು. ಎಲ್ಲ ಸರಿ, ಎಲ್ಲವೂ ಬೇಕಾದದ್ದೇ. ಆದರೆ ಒಬ್ಬ ಕನ್ನಡದ ಹುಡುಗ ‘ಇನ್ನು ಸಾಕು, ಈ ಸಿಗರೇಟು ಬಿಟ್ಟುಬಿಡಬೇಕು’ ಎಂದು ತೀರ್ಮಾನಿಸಿ ಸಹಾಯ ಕೇಳಲು ಹೋದಾಗ ಅವನ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತಾರೆ? ಈ ಪ್ರಶ್ನೆಯನ್ನು ನಮ್ಮ ಯಾವ ಸಂಘಟನೆ, ಯಾವ ಸಭೆಯಲ್ಲಿ ಕೇಳಿದೆ? ನಾನಂತೂ ಕೇಳಿಸಿಕೊಂಡಿಲ್ಲ.

‘ಬೀಡಿಗೂ ಭಾಷೆಗೂ ಏನ್ರೀ ಸಂಬಂಧ? ಬಿಡಬೇಕು ಅಂದ್ರೆ ಮನಸ್ಸು ಗಟ್ಟಿ ಮಾಡಿ ಬಿಡಬೇಕು ಅಷ್ಟೆ’ ಎನ್ನುವ ಮಹಾಶಯರು ಬಹಳ ಇದ್ದಾರೆ. ಅವರಿಗೆ ಮೊದಲು ಲೆಕ್ಕ ಒಪ್ಪಿಸುತ್ತೇನೆ. ಯಾರ ನೆರವೂ ಇಲ್ಲದೆ ಸ್ವಂತ ಬಲದಿಂದ ಸಿಗರೇಟು ಬಿಡಲು ಹೊರಟ ನೂರು ಜನರಲ್ಲಿ ಒಂದು ವರ್ಷದ ನಂತರ ಬಿಟ್ಟೇ ಉಳಿದವರು 3ರಿಂದ 5 ಮಂದಿ. ಹಲವಾರು ದೇಶಗಳಲ್ಲಿ ಹಲವಾರು ಸಲ ಎಣಿಸಿ ನೋಡಿದ ಲೆಕ್ಕ ಇದು. ಉಳಿದ 95 ಜನರ ಮನಸ್ಸೆಲ್ಲ ಮೆತ್ತಗಿತ್ತೇ? ಇಲ್ಲ ಸ್ವಾಮಿ. ಹೊಗೆಯಲ್ಲಿರುವ ನಿಕೋಟಿನ್ ಎಂಬ ವಿಷ ಒಂದು ದಮ್ ಎಳೆದ ಕೆಲವೇ ಸೆಕೆಂಡುಗಳಲ್ಲಿ ಮಿದುಳಿಗೆ ಹೋಗಿ ಕೂರುತ್ತದೆ. ದಿನಕ್ಕೆ ಹತ್ತು ಸಲ, ಇಪ್ಪತ್ತು ಸಲ, ವರ್ಷಗಟ್ಟಲೆ ಹಾಗೆ ಹೋಗಿ ಕೂತು ಕೂತು ಅದು ಇಲ್ಲದಿದ್ದರೆ ಮಿದುಳು ರಂಪ ಮಾಡುವಂತೆ ಅಭ್ಯಾಸ ಮಾಡಿಸಿಬಿಡುತ್ತದೆ. ಬಿಟ್ಟ ಮೊದಲ ಮೂರು ನಾಲ್ಕು ದಿನ ಆ ರಂಪ ತಾರಕಕ್ಕೆ ಹೋಗುತ್ತದೆ. ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತದೆ. ಸೋತವರಲ್ಲಿ ಹೆಚ್ಚಿನವರು ಸೋಲುವುದು ಈ ಮೊದಲ ದಿನಗಳಲ್ಲಿಯೇ. ಅಂದರೆ ಜೊತೆಗೆ ಒಬ್ಬರು ನಿಲ್ಲಬೇಕಾದದ್ದೂ ಆಗಲೇ.

ಹಾಗೆ ಜೊತೆಗೆ ನಿಲ್ಲುವ ವ್ಯವಸ್ಥೆಯನ್ನು ಬೇರೆ ದೇಶದವರು ಬಹಳ ಹಿಂದೆಯೇ ಕಟ್ಟಿಕೊಂಡರು. ಇಂಗ್ಲೆಂಡಿನಲ್ಲಿ 1998ರಲ್ಲಿ ಸರ್ಕಾರ ಒಂದು ಶ್ವೇತಪತ್ರ ಹೊರಡಿಸಿ, ಮರುವರ್ಷದಿಂದ ಸರ್ಕಾರಿ ಆರೋಗ್ಯ ಸೇವೆಯಲ್ಲಿಯೇ ಧೂಮಪಾನ ಬಿಡಿಸುವ ಕೇಂದ್ರಗಳನ್ನು ತೆರೆಯಿತು. ವಾರ ವಾರ ಬಂದು ಕೂತು ಮಾತಾಡುವುದು, ಜೊತೆಗೆ ನಿಕೋಟಿನ್ ಪಟ್ಟಿಯೋ ಔಷಧಿಯೋ ಕೊಡುವುದು, ಊದಿಸಿ ಉಸಿರಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಎಷ್ಟಿದೆ ಎಂದು ಅಳೆಯುವುದು, ಇದು ಅವರ ಕ್ರಮ. ಬಾಯಲ್ಲಿ ‘ಬಿಟ್ಟೆ’ ಎಂದರೆ ಸಾಲದು, ಯಂತ್ರ ಹೇಳಬೇಕು! ನಾಟಿಂಗ್‌ಹ್ಯಾಮ್ ಮತ್ತು ನಾರ್ತ್ ಕಂಬ್ರಿಯಾ ಎಂಬ ಎರಡು ಕಡೆ ಹೀಗೆ ಬಂದವರನ್ನು ವರ್ಷ ಪೂರ್ತಿ ಹಿಂಬಾಲಿಸಿ ನೋಡಿದರು. ನಾಲ್ಕು ವಾರಕ್ಕೆ ಅರ್ಧಕ್ಕೂ ಹೆಚ್ಚು ಮಂದಿ ಬಿಟ್ಟಿದ್ದರು. ವರ್ಷದ ಕೊನೆಗೆ ಉಸಿರು ಪರೀಕ್ಷೆಯಲ್ಲಿ ಗೆದ್ದವರು ನೂರಕ್ಕೆ 14.6. ಒಂಟಿಯಾಗಿ ಬಿಟ್ಟವರ 3-5 ಎಲ್ಲಿ, ಇದು ಎಲ್ಲಿ?

ಇನ್ನು ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಜನ 1988ರಲ್ಲಿ ಮತ ಹಾಕಿ ಪ್ರತಿ ಸಿಗರೇಟು ಪ್ಯಾಕಿನ ಮೇಲೆ 25 ಸೆಂಟ್ ಹೆಚ್ಚುವರಿ ತೆರಿಗೆ ಹೇರಿಸಿದರು. ಆ ದುಡ್ಡಿನಲ್ಲಿ 1992ರಲ್ಲಿ ಇಡೀ ರಾಜ್ಯಕ್ಕೆ ಒಂದು ದೂರವಾಣಿ ಸಹಾಯವಾಣಿ ಶುರುವಾಯಿತು. ಸಿಗರೇಟು ಬಿಡಬೇಕೆನ್ನುವವನು ಫೋನ್ ಮಾಡಿದರೆ ತರಬೇತಾದ ಸಲಹೆಗಾರರು ಮಾತಾಡಿಸುತ್ತಾರೆ, ಬಿಡುವ ದಿನ ಗೊತ್ತು ಮಾಡಿಸುತ್ತಾರೆ, ಆಮೇಲೆ ತಾವೇ ಮತ್ತೆ ಮತ್ತೆ ಫೋನ್ ಮಾಡುತ್ತಾರೆ. ಆ ಮರುಕರೆಗಳನ್ನು ತಿಂಗಳಿಗೊಂದರಂತೆ ಸಮನಾಗಿ ಹಂಚಲಿಲ್ಲ ಅವರು. ಮನುಷ್ಯ ಜಾರುವುದು ಮೊದಲ ದಿನಗಳಲ್ಲಿ ಎಂದು ಗೊತ್ತಿದ್ದರಿಂದ ಬಿಟ್ಟ ಮೊದಲ ವಾರದಲ್ಲಿಯೇ ಒತ್ತೊತ್ತಾಗಿ ಕರೆ, ಆಮೇಲೆ ದೂರ ದೂರ. ಜಾರುವ ಕಡೆ ಕಂಬಿ ಕಟ್ಟುವ ಬುದ್ಧಿ ಇದು.

ಆದರೆ ಕ್ಯಾಲಿಫೋರ್ನಿಯಾದಲ್ಲಿ ಇಂಗ್ಲಿಷು ಸರಿಯಾಗಿ ಬಾರದ ಚೀನೀಯರು, ಕೊರಿಯನ್ನರು, ವಿಯೆಟ್ನಾಮಿನವರು ಲಕ್ಷಗಟ್ಟಲೆ ಇದ್ದಾರೆ. ‘ಅಮೆರಿಕಕ್ಕೆ ಬಂದ ಮೇಲೆ ಇಂಗ್ಲಿಷು ಕಲಿಯಿರಿ, ಆಮೇಲೆ ಸಿಗರೇಟು ಬಿಡುವಿರಂತೆ’ ಎಂದು ಅಲ್ಲಿನವರು ಹೇಳಲಿಲ್ಲ. ಆಯಾ ಭಾಷೆ ಮಾತಾಡುವವರನ್ನೇ ಸಲಹೆಗಾರರನ್ನಾಗಿ ಕೂರಿಸಿ, ಆಯಾ ಭಾಷೆಗೆ ಬೇರೆ ಬೇರೆ ಫೋನ್ ನಂಬರು ಕೊಟ್ಟರು. ಚೀನೀಯರಿಗೆ ಮ್ಯಾಂಡರಿನ್‌ನಲ್ಲೂ ಕ್ಯಾಂಟೊನೀಸ್‌ನಲ್ಲೂ ಮಾತಾಡಿಸುವ ವ್ಯವಸ್ಥೆ! ಅಷ್ಟಕ್ಕೇ ಬಿಡದೆ, ಇದರಿಂದ ಪ್ರಯೋಜನವಿದೆಯೋ ಇಲ್ಲವೋ ಎಂದು ದೊಡ್ಡ ಪ್ರಯೋಗವನ್ನೇ ಮಾಡಿದರು. ಅದರ ಫಲಿತಾಂಶ 2012ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಹೆಸರಿನ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಈ ಮೂರು ಸಮುದಾಯಗಳ 2,277 ಮಂದಿ ಸೇದುವವರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಅವರವರ ಭಾಷೆಯಲ್ಲಿ ಮುದ್ರಿಸಿದ ಪುಸ್ತಿಕೆ ಮಾತ್ರ. ಇನ್ನೊಂದು ಗುಂಪಿಗೆ ಪುಸ್ತಿಕೆಯ ಜೊತೆಗೆ ಅವರವರ ಭಾಷೆಯಲ್ಲಿಯೇ ಫೋನಿನಲ್ಲಿ ಸಲಹೆ. ಆರು ತಿಂಗಳು ಸಿಗರೇಟು ಮುಟ್ಟದೆ ಉಳಿದವರು ಮೊದಲ ಗುಂಪಿನಲ್ಲಿ ನೂರಕ್ಕೆ 8. ಎರಡನೆಯ ಗುಂಪಿನಲ್ಲಿ ನೂರಕ್ಕೆ 16.4. ಎರಡು ಪಟ್ಟು!

ಪ್ರೆಸ್ಸಿನವನಾದ ನನಗೆ ಈ ಲೆಕ್ಕ ಸ್ವಲ್ಪ ಚುಚ್ಚಿತು ಎನ್ನಿ. ಕರಪತ್ರ, ಪುಸ್ತಿಕೆ ಅಚ್ಚು ಹಾಕಿ ಹೊಟ್ಟೆ ಹೊರೆಯುವವನು ನಾನು. ‘ಜಾಗೃತಿ’ ಎಂದರೆ ಸರ್ಕಾರಕ್ಕೂ ನಮ್ಮ ಸಂಘಟನೆಗಳಿಗೂ ಮೊದಲು ನೆನಪಾಗುವುದೇ ಐದು ಸಾವಿರ ಕರಪತ್ರ. ತಾಯ್ನುಡಿಯ ಕಾಗದವೇ ಕೈಯಲ್ಲಿದ್ದರೂ ಗೆದ್ದವರು ಎಂಟೇ ಮಂದಿ. ತಾಯ್ನುಡಿಯಲ್ಲಿ ಒಂದು ಜೀವ ಮಾತಾಡಿಸಿದಾಗ ಹದಿನಾರು. ಒಂದು ವಿಷಯ ನ್ಯಾಯವಾಗಿ ಹೇಳಬೇಕು: ಇದೇ ಜನರನ್ನು ಇಂಗ್ಲಿಷಿನಲ್ಲಿ ಮಾತಾಡಿಸಿದ್ದರೆ ಎಷ್ಟಾಗುತ್ತಿತ್ತು ಎಂದು ಈ ಪ್ರಯೋಗ ಅಳೆಯಲಿಲ್ಲ. ಅಳೆಯುವ ಪ್ರಶ್ನೆಯೂ ಬರಲಿಲ್ಲ. ಭಾಷೆ ಬಾರದವನ ಹತ್ತಿರ ಆ ಭಾಷೆಯಲ್ಲಿ ಚಟ ಬಿಡಿಸುವ ಮಾತಾಡುವುದು ಹುಚ್ಚುತನ ಎಂದು ಅವರಿಗೆ ಮೊದಲೇ ಹೊಳೆದಿತ್ತು. 2012ರಲ್ಲಿಯೇ ಅಮೆರಿಕದ ಕೇಂದ್ರ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ದುಡ್ಡು ಕೊಟ್ಟು ಈ ಏಷ್ಯಾ ಭಾಷೆಗಳ ಸಹಾಯವಾಣಿಯನ್ನು ಇಡೀ ದೇಶಕ್ಕೆ ವಿಸ್ತರಿಸಿತು. ಅಲ್ಲಿ ಈ ಜನ ವಲಸಿಗರು, ಅಲ್ಪಸಂಖ್ಯಾತರು. ನಾವು ನಮ್ಮ ನೆಲದಲ್ಲಿಯೇ ಇರುವವರು. ನೆನಪಿರಲಿ.

‘ನೂರಕ್ಕೆ ಹದಿನಾರು ಅಂದರೆ ಏನು ಮಹಾ, ಎಂಬತ್ತನಾಲ್ಕು ಜನ ಸೋತರಲ್ಲ’ ಎಂದು ಕೇಳುವವರಿಗೂ ಉತ್ತರವಿದೆ. ಜಗತ್ತಿನ ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಎಂಬ ಸಂಸ್ಥೆ 2019ರಲ್ಲಿ ದೂರವಾಣಿ ಸಲಹೆಯ ಬಗ್ಗೆ 104 ಪ್ರಯೋಗಗಳನ್ನು ತೂಗಿತು. ಸಹಾಯವಾಣಿಗೆ ಕರೆ ಮಾಡಿದವರಿಗೆ ಮರಳಿ ಮರಳಿ ಫೋನ್ ಮಾಡಿ ಮಾತಾಡಿಸಿದರೆ ಬಿಡುವವರ ಸಂಖ್ಯೆ ನೂರಕ್ಕೆ 7ರಿಂದ 10ಕ್ಕೆ ಏರುತ್ತದೆ ಎಂದು ಅದರ ತೀರ್ಪು. ದೊಡ್ಡ ಸಂಖ್ಯೆಯಲ್ಲ, ನಾನೂ ಒಪ್ಪುತ್ತೇನೆ. ಪವಾಡ ಬೇಕಾದವರು ಗೋಡೆಯ ಮೇಲಿನ ಪೋಸ್ಟರ್ ನೋಡಿಕೊಳ್ಳಲಿ. ಆದರೆ ಇದು ಒಂದು ಸಲದ ಪ್ರಯತ್ನದ ಲೆಕ್ಕ. ಸೋತವನು ಮತ್ತೆ ಪ್ರಯತ್ನಿಸುತ್ತಾನೆ, ಮತ್ತೆ ಕೆಲವರು ದಾಟುತ್ತಾರೆ. ದಾಟಿದವನಿಗೆ ಸಿಗುವುದೇನು? ಬ್ರಿಟನ್ನಿನ ಸಾವಿರಾರು ವೈದ್ಯರನ್ನೇ 50 ವರ್ಷ ಹಿಂಬಾಲಿಸಿದ ರಿಚರ್ಡ್ ಡಾಲ್ ಮತ್ತು ಸಂಗಡಿಗರು 2004ರಲ್ಲಿ ಕೊಟ್ಟ ಲೆಕ್ಕ ಹೀಗಿದೆ: ಸೇದುತ್ತಲೇ ಇದ್ದವರು ಸೇದದವರಿಗಿಂತ ಸರಾಸರಿ 10 ವರ್ಷ ಮೊದಲು ಸಾಯುತ್ತಾರೆ; 30ನೇ ವಯಸ್ಸಿನಲ್ಲಿ ಬಿಟ್ಟರೆ ಆ ಹತ್ತೂ ವರ್ಷ ಹೆಚ್ಚುಕಡಿಮೆ ವಾಪಸು ಬರುತ್ತದೆ; 40ರಲ್ಲಿ ಬಿಟ್ಟರೆ 9; 50ರಲ್ಲಿ 6; 60ರಲ್ಲಿ 3. ಈ ಪತ್ರಿಕೆ ಓದುವ ನಿಮ್ಮಲ್ಲಿ ಬಹುಪಾಲು ಮಂದಿ ಇನ್ನೂ ಮೂವತ್ತರ ಈಚೆ ಇದ್ದೀರಿ.

ಈಗ ಹೇಳಿ, ಒಬ್ಬ ಮನುಷ್ಯ ತನ್ನ ಚಟದ ಬಗ್ಗೆ ಮಾತಾಡುವಾಗ ಏನು ಮಾತಾಡುತ್ತಾನೆ? ಇಂಗ್ಲಿಷಿನಲ್ಲಿ ‘ಕ್ರೇವಿಂಗ್’ ಎಂಬ ಒಂದೇ ಪದ ಸಾಕು ಅವರಿಗೆ. ನಮ್ಮವನಿಗೆ ಅದು ಸಾಲದು. ಹುಬ್ಬಳ್ಳಿ ಕಡೆಯವನು ‘ತಲಬು ಹತ್ತೇತ್ರೀ’ ಎನ್ನುತ್ತಾನೆ. ನಮ್ಮ ಕಡೆಯವನು ‘ಕೈಕಾಲೇ ಆಡಲ್ಲ’ ಎನ್ನುತ್ತಾನೆ, ‘ಬಾಯಿ ಸಪ್ಪೆ ಸಪ್ಪೆ’ ಎನ್ನುತ್ತಾನೆ, ‘ತಲೆ ಗಿಮ್ ಅನ್ನುತ್ತೆ’, ‘ಯಾರನ್ನು ಕಂಡರೂ ಹರಿಹಾಯೋಣ ಅನ್ನಿಸುತ್ತೆ’ ಎನ್ನುತ್ತಾನೆ. ಇವೆಲ್ಲ ಒಂದೇ ಅಲ್ಲ. ಬಾಯಿ ಸಪ್ಪೆ ಎಂದವನಿಗೆ ಲವಂಗವೋ ಸೋಂಪೋ ಹೇಳಬಹುದು. ಹರಿಹಾಯುವವನಿಗೆ ಮನೆಯವರಿಗೆ ಮೊದಲೇ ಹೇಳಿಟ್ಟಿರು ಎನ್ನಬೇಕು. ಇನ್ನು ಬೆಳಗ್ಗೆ ಎದ್ದು ಒಂದು ಸಿಗರೇಟು ಹಚ್ಚದಿದ್ದರೆ ಹೊಟ್ಟೆ ಖಾಲಿಯಾಗುವುದೇ ಇಲ್ಲ ಎನ್ನುವವರು ಎಷ್ಟು ಮಂದಿ! ನಗಬೇಡಿ. ಸಿಗರೇಟು ಬಿಟ್ಟಾಗ ಕೆಲವರಿಗೆ ಮಲಬದ್ಧತೆ ಆಗುವುದು ವೈದ್ಯರೂ ಒಪ್ಪಿರುವ ಸಂಗತಿ. ಕೆಲವು ದಿನಗಳಲ್ಲಿ ಸರಿಯಾಗುತ್ತದೆ, ನೀರು ಜಾಸ್ತಿ ಕುಡಿ, ಹಣ್ಣು ಸೊಪ್ಪು ತಿನ್ನು ಎಂದು ಹೇಳುವವರಿದ್ದರೆ ಅವನು ಉಳಿದುಕೊಳ್ಳುತ್ತಾನೆ. ಇದನ್ನು ಹುಡುಗ ಯಾರ ಮುಂದೆ ಹೇಳುತ್ತಾನೆ? ಟೈ ಕಟ್ಟಿಕೊಂಡು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವವರ ಮುಂದೆಯೇ? ಇಂಗ್ಲಿಷು ಬಂದರೂ ಹೇಳಲಾರ. ಅದನ್ನು ಹೇಳುವ ಇಂಗ್ಲಿಷನ್ನು ಯಾವ ಕಾನ್ವೆಂಟಿನಲ್ಲೂ ಕಲಿಸುವುದಿಲ್ಲ.

ನಮ್ಮ ಪ್ರೆಸ್ಸಿನಲ್ಲಿ ಆಫ್‌ಸೆಟ್ ಮಷಿನ್ ನೋಡಿಕೊಳ್ಳುವ ಒಬ್ಬ ಹುಡುಗನಿದ್ದಾನೆ. ಹಾಸನದ ಕಡೆಯವನು, ಹತ್ತನೇ ತರಗತಿ ಕನ್ನಡ ಮಾಧ್ಯಮ. ಕೆಮ್ಮು ಜಾಸ್ತಿಯಾಯಿತು ಎಂದು ನಗರದ ಒಂದು ದೊಡ್ಡ ಖಾಸಗಿ ಆಸ್ಪತ್ರೆಗೆ ಹೋದ. ಅಲ್ಲಿ ಡಾಕ್ಟರು ಸಿಗರೇಟು ಬಿಡು ಎಂದು ಹೇಳಿ, ಸಲಹೆ ಕೊಡುವ ಹೆಣ್ಣುಮಗಳೊಬ್ಬರ ಕೋಣೆಗೆ ಕಳಿಸಿದರಂತೆ. ಇಪ್ಪತ್ತು ನಿಮಿಷ ಮಾತು. ಕೈಗೊಂದು ಬಣ್ಣದ ಇಂಗ್ಲಿಷು ಪುಸ್ತಿಕೆ. ಬಿಲ್ಲು ಬೇರೆ. ವಾಪಸು ಬಂದವನನ್ನು ‘ಏನೋ ಹೇಳಿದರು?’ ಎಂದು ಕೇಳಿದೆ. ‘ಏನೋ ಟ್ರಿಗರ್ರು ಟ್ರಿಗರ್ರು ಅಂದ್ರಣ್ಣ. ಅವಾಯ್ಡ್ ಮಾಡಿ ಅಂದ್ರು. ಯೆಸ್ ಮೇಡಂ ಅಂದು ಬಂದೆ’ ಎಂದ. ಪುಸ್ತಿಕೆ ಮಾತ್ರ ಅಚ್ಚುಕಟ್ಟಾಗಿತ್ತು, ಒಳ್ಳೆಯ ಆರ್ಟ್ ಪೇಪರು. ಮಷಿನ್ ಒರೆಸುವುದಕ್ಕೂ ಆಗದ ಕಾಗದ ಅದು.

ಅದೇ ಹುಡುಗ ಮುಂದೆ ಒಂದು ದಿನ ಸಿಗರೇಟು ಪ್ಯಾಕಿನ ಮೇಲಿದ್ದ ನಂಬರಿಗೆ ಫೋನ್ ಹಚ್ಚಿದ. ಕಾಗದದ ರೀಮುಗಳ ಹಿಂದೆ ಕೂತು ಮೆಲ್ಲಗೆ ಮಾತಾಡುತ್ತಿದ್ದ. ಊರಿನ ವಿಷಯ, ರಾತ್ರಿ ಪಾಳಿಯ ವಿಷಯ, ಅವರಪ್ಪ ಬೀಡಿ ಸೇದಿ ಸೇದಿ ಹೋದ ವಿಷಯ, ಎಲ್ಲ ಕನ್ನಡದಲ್ಲಿ. ಆ ಕಡೆಯವರು ಮರುಕರೆಯನ್ನೂ ಮಾಡಿದರು. ಬಿಟ್ಟನೇ ಎಂದು ಕೇಳುತ್ತೀರಿ. ಬಿಟ್ಟ, ದೀಪಾವಳಿ ಕೆಲಸದ ಒತ್ತಡದಲ್ಲಿ ಮತ್ತೆ ಹಿಡಿದ, ಮತ್ತೆ ಫೋನ್ ಮಾಡಿದ, ಈಗ ಮತ್ತೆ ಬಿಟ್ಟಿದ್ದಾನೆ. ಮುಂದೇನೋ ನನಗೆ ಗೊತ್ತಿಲ್ಲ. ಆದರೆ ‘ಯೆಸ್ ಮೇಡಂ’ ಎಂದು ತಲೆಯಾಡಿಸಿ ಬಂದ ದಿನಕ್ಕಿಂತ ಅವನು ಬಹಳ ಮುಂದೆ ಬಂದಿದ್ದಾನೆ.

ಆ ನಂಬರು ಯಾವುದು ಎಂದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? 1800-11-2356. ಶುಲ್ಕವಿಲ್ಲ. 2016ರ ಮೇ ತಿಂಗಳ ಕೊನೆಯಲ್ಲಿ ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯಲ್ಲಿ ಕೇಂದ್ರ ಸರ್ಕಾರ ಇದನ್ನು ಶುರು ಮಾಡಿತು. ಮೊದಲು ಎಲ್ಲವೂ ದೆಹಲಿಯಿಂದಲೇ. 2018ರಲ್ಲಿ ಇನ್ನೂ ಮೂರು ಕೇಂದ್ರ ತೆರೆದರು: ಮುಂಬೈ, ಗುವಾಹಟಿ ಮತ್ತು ನಮ್ಮ ಬೆಂಗಳೂರಿನ ನಿಮ್ಹಾನ್ಸ್. ದಕ್ಷಿಣದ ನಾಲ್ಕು ಭಾಷೆಗಳಿಗೆ, ಕನ್ನಡವೂ ಸೇರಿ, ಹೊಸೂರು ರಸ್ತೆಯ ನಿಮ್ಹಾನ್ಸೇ ನೆಲೆಯಾಯಿತು. 2018ರ ಸೆಪ್ಟೆಂಬರ್ 1ರಿಂದ ಪ್ಯಾಕಿನ ಮೇಲೆ ಈ ನಂಬರು ಅಚ್ಚು ಹಾಕುವುದು ಕಡ್ಡಾಯವಾಯಿತು. ಕನ್ನಡದಲ್ಲಿ ಮಾತಾಡಿಸುವ ಸೇವೆ ನಮ್ಮ ಊರಿನಲ್ಲಿಯೇ ಇದೆ, ಪುಕ್ಕಟೆಯಾಗಿದೆ. ನಾವು ಅದನ್ನು ಕೇಳಿ ಪಡೆದದ್ದಲ್ಲ, ತಾನಾಗಿ ಬಂತು. ಅದಕ್ಕೇ ಇರಬೇಕು ನಮಗೆ ಅದರ ಬೆಲೆ ತಿಳಿಯದ್ದು.

ಅದಕ್ಕೂ ಮೊದಲು 2002ರಲ್ಲಿಯೇ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ದೇಶದಲ್ಲಿ 13 ತಂಬಾಕು ಬಿಡಿಸುವ ಕೇಂದ್ರಗಳನ್ನು ತೆರೆದಿದ್ದವು. ಬೆಂಗಳೂರಿನ ನಿಮ್ಹಾನ್ಸ್ ಕೂಡ ಅವುಗಳಲ್ಲಿ ಒಂದು. ಆದರೂ ಕೆ.ಆರ್. ಮಾರುಕಟ್ಟೆಯ ಹಮಾಲಿಗೆ, ಪೀಣ್ಯದ ಲೇತ್ ಹುಡುಗನಿಗೆ ಈ ಸಂಗತಿ ತಲುಪಲೇ ಇಲ್ಲ. ಅವನಿಗೆ ತಲುಪಿದ್ದು ಬೇರೆ. ಬಸ್ ನಿಲ್ದಾಣದ ಮೂತ್ರದೊಡ್ಡಿಯ ಗೋಡೆ ನೋಡಿ, ಲೈಟು ಕಂಬ ನೋಡಿ: ‘ಕುಡಿತ, ಬೀಡಿ, ಸಿಗರೇಟು ಗ್ಯಾರಂಟಿ ಬಿಡಿಸುತ್ತೇವೆ, ಅವರಿಗೆ ಗೊತ್ತಿಲ್ಲದಂತೆ ಊಟದಲ್ಲಿ ಬೆರೆಸಿ ಕೊಡಿ.’ ಇಂಥ ಕರಪತ್ರದ ಆರ್ಡರು ಹಿಡಿದು ಬರುವವರು ಊರಿನ ಯಾವ ಪ್ರೆಸ್ಸನ್ನೂ ಬಿಟ್ಟಿಲ್ಲ, ಯಾರನ್ನು ಬೇಕಾದರೂ ಕೇಳಿ. ಅದರ ಭಾಷೆ ಎಷ್ಟು ಸೊಗಸು! ತಪ್ಪಿಲ್ಲದ, ಮನೆಮಾತಿನ, ತಾಯಂದಿರ ಕಣ್ಣಲ್ಲಿ ನೀರು ತರಿಸುವ ಕನ್ನಡ. ಮೋಸ ಮಾಡುವವನಿಗೆ ಕನ್ನಡದ ಬೆಲೆ ಗೊತ್ತಿದೆ. ವಿಜ್ಞಾನ ಕಲಿತವನಿಗೆ ಗೊತ್ತಿಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರುವುದು ಇದಕ್ಕೇ.

ಡಾಕ್ಟರುಗಳ ಮಾತು ಬಂತು, ಒಂದು ಹಳೆಯ ಪ್ರಯೋಗ ನೆನಪಿಸುತ್ತೇನೆ. 1979ರಲ್ಲಿ ಮೈಕೆಲ್ ರಸೆಲ್ ಎಂಬ ಮನೋವೈದ್ಯರು ಮತ್ತು ಸಂಗಡಿಗರು ಲಂಡನ್ನಿನ 28 ಸಾಮಾನ್ಯ ವೈದ್ಯರ ಬಳಿ ಬರುವ 2,138 ಸೇದುವವರ ಮೇಲೆ ನಡೆಸಿದ್ದು. ಏನೂ ಹೇಳದೆ ಬಿಟ್ಟವರಲ್ಲಿ ವರ್ಷದ ನಂತರ ಬಿಟ್ಟಿದ್ದವರು ನೂರಕ್ಕೆ 0.3. ಡಾಕ್ಟರು ಒಂದೆರಡು ನಿಮಿಷ ‘ಬಿಟ್ಟುಬಿಡು’ ಎಂದು ಹೇಳಿ, ಒಂದು ಕರಪತ್ರ ಕೊಟ್ಟು, ‘ಮತ್ತೆ ವಿಚಾರಿಸುತ್ತೇವೆ’ ಎಂದದ್ದಕ್ಕೆ 5.1. ಒಂದೆರಡು ನಿಮಿಷದ ಮಾತು ಸ್ವಾಮಿ! ದೆಹಲಿಯ ಬಡವರ ಬಡಾವಣೆಗಳಲ್ಲಿ 1,213 ಜನರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿಯೂ ಅಷ್ಟೇ: ಕಾಲು ಗಂಟೆಯ ಸಲಹೆ, ಜೊತೆಗೆ ಉಸಿರಾಟದ ಯೋಗಾಭ್ಯಾಸ, ಅದೂ ಒಂದೇ ಸಲ. ಬಿಟ್ಟವರು ನೂರಕ್ಕೆ 2.6, ಉಳಿದ ಗುಂಪಿನಲ್ಲಿ 0.5. ಸಣ್ಣ ಸಂಖ್ಯೆ, ಆದರೆ ಖರ್ಚೂ ಇಲ್ಲದಷ್ಟು ಸಣ್ಣದು. ನಮ್ಮ ದೇಶದಲ್ಲಿ 2016-17ರ ಸಮೀಕ್ಷೆಯ ಪ್ರಕಾರ ಡಾಕ್ಟರ ಬಳಿ ಹೋದ ಸೇದುವವರಲ್ಲಿ ಬಿಡು ಎಂಬ ಸಲಹೆ ಸಿಕ್ಕಿದ್ದು ಅರ್ಧಕ್ಕಿಂತ ಕಡಿಮೆ ಜನಕ್ಕೆ. ಅದೇ ಸಮೀಕ್ಷೆಯಲ್ಲಿ ಸೇದುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬಿಡುವ ಯೋಚನೆಯಿದೆ ಎಂದಿದ್ದಾರೆ. ಬಿಡಲು ಪ್ರಯತ್ನಿಸಿದವರಲ್ಲಿ ಹತ್ತಕ್ಕೆ ಸುಮಾರು ಏಳು ಮಂದಿ ಯಾರ ಸಹಾಯವೂ ಇಲ್ಲದೆ ಪ್ರಯತ್ನಿಸಿದವರು. ಕರ್ನಾಟಕದಲ್ಲಿ ಬೀಡಿ, ಸಿಗರೇಟು, ಹೊಗೆಸೊಪ್ಪು, ಗುಟ್ಕಾ ಎಲ್ಲ ಸೇರಿ ತಂಬಾಕು ಬಳಸುವವರು ದೊಡ್ಡವರಲ್ಲಿ ನೂರಕ್ಕೆ 22.8. ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬ. ನಮ್ಮ ಪ್ರತಿಭಟನೆಯಲ್ಲಿ ನಾನೂರು ಜನ ಸೇರಿದರೆ ತೊಂಬತ್ತು ಮಂದಿ.

ತೊಂಬತ್ತು ಎಂದೆ, ಪ್ರತಿಭಟನೆ ಮುಗಿದ ಮೇಲೆ ಟೀ ಅಂಗಡಿಯ ಮುಂದೆ ನಿಂತು ನೋಡಿದರೆ ಜಾಸ್ತಿಯೇ ಅನ್ನಿಸುತ್ತದೆ. ಕೊರಳಲ್ಲಿ ಹಳದಿ ಕೆಂಪು ಶಾಲು, ಬೆರಳ ನಡುವೆ ಕಿಂಗ್ ಸೈಜು. ಬೆಳಗಾವಿ ನಮ್ಮದು, ನಿಪ್ಪಾಣಿ ನಮ್ಮದು ಎಂದು ಕೂಗಿದ ಗಂಟಲಿಗೆ ಅರ್ಧ ಗಂಟೆಯಲ್ಲಿ ನಿಪ್ಪಾಣಿಯ ಹೊಗೆಸೊಪ್ಪಿನದೇ ಹೊಗೆ! ನಿಪ್ಪಾಣಿಯ ಬೀಡಿ ತಂಬಾಕು, ಹುಣಸೂರು ಪಿರಿಯಾಪಟ್ಟಣದ ಸಿಗರೇಟು ತಂಬಾಕು ಬೆಳೆಯುವ ರೈತ, ಕರಾವಳಿಯಲ್ಲಿ ಬೀಡಿ ಕಟ್ಟುವ ಹೆಂಗಸರು, ಅವರೂ ಕನ್ನಡದ ನೆಲದವರೇ, ಅವರ ಹೊಟ್ಟೆಪಾಡಿನ ಪ್ರಶ್ನೆ ದೊಡ್ಡದು. ಅದನ್ನು ಇನ್ನೊಮ್ಮೆ ಬರೆಯುತ್ತೇನೆ. ಇಲ್ಲಿ ಸೇದುವವನ ಮಾತು.

ನಂಬರು ಪ್ಯಾಕಿನ ಮೇಲಿದೆ ಎಂದೆನಲ್ಲ, ನಮ್ಮ ಹುಡುಗರು ಪ್ಯಾಕು ಕೊಳ್ಳುತ್ತಾರೆಯೇ? ಒಂದು ಟೀ, ಒಂದು ಸಿಗರೇಟು. ಬಿಡಿ ಸಿಗರೇಟಿನ ಮೇಲೆ ಎಚ್ಚರಿಕೆಯೂ ಇಲ್ಲ, ಚಿತ್ರವೂ ಇಲ್ಲ, ನಂಬರೂ ಇಲ್ಲ. 2017ರಲ್ಲಿಯೇ ಕರ್ನಾಟಕ ಸರ್ಕಾರ ಬಿಡಿ ಬಿಡಿಯಾಗಿ ಮಾರುವುದನ್ನು ನಿಷೇಧಿಸಿತು. ಯಾವ ಅಂಗಡಿಯಲ್ಲಿ ನಿಂತಿದೆ ತೋರಿಸಿ. ಸಹಾಯವಾಣಿಯ ನಂಬರು ಯಾರ ಕಣ್ಣಿಗೆ ಬೀಳಬೇಕೋ ಅವನಿಗೆ ಅಂಗಡಿಯವನ ಡಬ್ಬಿಯಿಂದ ಒಂದೊಂದೇ ಕಡ್ಡಿ ಸಿಗುತ್ತದೆ, ಪ್ಯಾಕು ಅಂಗಡಿಯವನ ಕಸದ ಬುಟ್ಟಿಗೆ ಹೋಗುತ್ತದೆ.

ಇನ್ನು ಪ್ಯಾಕಿನ ಮೇಲಿನ ಭಾಷೆ. ಎಚ್ಚರಿಕೆಯ ಗಾತ್ರದ ಬಗ್ಗೆ ದೊಡ್ಡ ಜಗಳಗಳೇ ಆಗಿವೆ. ಪ್ಯಾಕಿನ ಶೇಕಡಾ 85 ಭಾಗ ಎಚ್ಚರಿಕೆ ಇರಬೇಕೆಂಬ ನಿಯಮವನ್ನು 2017ರ ಡಿಸೆಂಬರಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ ರದ್ದು ಮಾಡಿತ್ತು; 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಗಾತ್ರಕ್ಕೆ ಇಷ್ಟು ಹೊಡೆದಾಡಿದವರು ಭಾಷೆಯ ಬಗ್ಗೆ ಬಾಯಿ ಬಿಟ್ಟಿದ್ದನ್ನು ನಾನು ಕಂಡಿಲ್ಲ. 2003ರ ಕೇಂದ್ರ ತಂಬಾಕು ಕಾಯ್ದೆಯ 9ನೇ ಕಲಂ ತೆಗೆದು ಓದಿ. ಪ್ಯಾಕಿನ ಮೇಲೆ ಬಳಸಿದ ಭಾಷೆ ಇಂಗ್ಲಿಷಾದರೆ ಎಚ್ಚರಿಕೆ ಇಂಗ್ಲಿಷಿನಲ್ಲಿ. ಭಾರತೀಯ ಭಾಷೆಯಾದರೆ ಆ ಭಾಷೆಯಲ್ಲಿ. ಎರಡೂ ಇದ್ದರೆ ಎರಡರಲ್ಲೂ. ಅಂದರೆ ಎಚ್ಚರಿಕೆ ಯಾವ ಭಾಷೆಯಲ್ಲಿರಬೇಕು ಎಂದು ಗೊತ್ತು ಮಾಡುವವನು ಮಾರುವ ಕಂಪನಿಯವನು! ಅವನು ತನ್ನ ಬ್ರಾಂಡನ್ನು ಯಾವ ಭಾಷೆಯಲ್ಲಿ ಅಚ್ಚು ಹಾಕಿಸುತ್ತಾನೋ ಸಾವಿನ ಸುದ್ದಿಯೂ ಅದೇ ಭಾಷೆಯಲ್ಲಿ. ಯಾವ ರಾಜ್ಯದಲ್ಲಿ ಮಾರುತ್ತಾನೆ, ಕೊಳ್ಳುವವನಿಗೆ ಯಾವ ಭಾಷೆ ಓದಲು ಬರುತ್ತದೆ ಎಂಬ ಪ್ರಶ್ನೆಯೇ ಆ ಕಲಮಿನಲ್ಲಿ ಇಲ್ಲ. ಒಂದೇ ಪ್ಯಾಕನ್ನು ಕೋಟಿಗಟ್ಟಲೆ ಅಚ್ಚು ಹಾಕುವವರಿಗೆ ರಾಜ್ಯಕ್ಕೊಂದು ಭಾಷೆಯ ಪ್ಲೇಟು ಮಾಡಿಸುವುದು ಕಷ್ಟವೇ? ಈ ಕಸುಬಿನವನಾಗಿ ಹೇಳುತ್ತೇನೆ, ಅಕ್ಷರದ ಪ್ಲೇಟು ಒಂದನ್ನು ಬದಲಿಸುವುದು ಅಷ್ಟು ದೊಡ್ಡ ಕಂಪನಿಗೆ ಲೆಕ್ಕಕ್ಕೇ ಬಾರದ ಖರ್ಚು.

ಕೇಂದ್ರದ ಕಾಯ್ದೆ, ನಾವೇನು ಮಾಡೋಣ ಎಂದು ವಿಧಾನಸೌಧದವರು ಕೈಚೆಲ್ಲುವಂತೆಯೂ ಇಲ್ಲ. ಇದೇ ಕಾಯ್ದೆಯನ್ನು ಕರ್ನಾಟಕಕ್ಕೆ ಅನ್ವಯಿಸುವಂತೆ ನಮ್ಮ ಶಾಸಕರೇ ತಿದ್ದಿದ್ದಾರೆ. 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದು ಜಾರಿಗೆ ಬಂದ ಆ ತಿದ್ದುಪಡಿಯಲ್ಲಿ ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದರು, ಹುಕ್ಕಾ ಬಾರ್ ನಿಷೇಧಿಸಿದರು, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ಇದ್ದ 200 ರೂಪಾಯಿ ದಂಡವನ್ನು 1000 ಮಾಡಿದರು. ವಯಸ್ಸು ತಿದ್ದಲು ಬಂತು, ದಂಡ ತಿದ್ದಲು ಬಂತು. ಕರ್ನಾಟಕದಲ್ಲಿ ಮಾರುವ ಪ್ರತಿ ಪ್ಯಾಕಿನ ಮೇಲೆ ಎಚ್ಚರಿಕೆಯೂ ಸಹಾಯವಾಣಿಯ ಸಾಲೂ ಕನ್ನಡದಲ್ಲಿರಬೇಕು ಎಂಬ ಒಂದು ವಾಕ್ಯ ಸೇರಿಸಲು ಬರಲಿಲ್ಲ. ಸೇದಿದವನಿಂದ ಸಾವಿರ ಕೀಳುವ ಸರ್ಕಾರ ಬಿಡಬೇಕೆನ್ನುವವನಿಗೆ ಕನ್ನಡದಲ್ಲಿ ಒಂದು ಸಾಲು ಕೊಡಲು ಏಕೆ ಹಿಂಜರಿಯಬೇಕು? ಅಂಗಡಿ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಕೇಳಿದ ನಾವು ಈ ಒಂದು ಸಾಲು ಕೇಳಲಾರೆವೇ?

ಗೆಳೆಯರೇ, ಇದಕ್ಕೆ ಕಲ್ಲು ಎಸೆಯಬೇಕಿಲ್ಲ, ಮಸಿ ಬಳಿಯಬೇಕಿಲ್ಲ. ಈ ನವೆಂಬರಿನಲ್ಲಿ ರಾಜ್ಯೋತ್ಸವದ ಫ್ಲೆಕ್ಸಿನಲ್ಲಿ ಮುಖಂಡರ ಹದಿನಾರು ಮುಖಗಳಲ್ಲಿ ಒಂದು ಮುಖ ತೆಗೆದು ಆ ಜಾಗದಲ್ಲಿ 1800-11-2356 ಹಾಕಿ, ಕೆಳಗೆ ‘ಕನ್ನಡದಲ್ಲೇ ಮಾತಾಡಿ’ ಎಂದು ಬರೆಯಿರಿ. ಆಟೋ ನಿಲ್ದಾಣದ ಕರಿಹಲಗೆಯ ಮೇಲೆ ಬರೆಯಿರಿ. ಫೋನ್ ಮಾಡಿದಾಗ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಶುರು ಮಾಡಿದರೆ ‘ನನಗೆ ಕನ್ನಡ ಬೇಕು’ ಎಂದು ನಾಚಿಕೆಯಿಲ್ಲದೆ ಕೇಳಿ; ಆ ಸೇವೆ ಇರುವುದೇ ನಿಮಗಾಗಿ. ಕನ್ನಡದಲ್ಲಿ ಕೇಳುವವರ ಕರೆ ಹೆಚ್ಚಿದಷ್ಟೂ ಕನ್ನಡದ ಸಲಹೆಗಾರರ ಕುರ್ಚಿ ಹೆಚ್ಚಿಸಿ ಎಂದು ಕೇಳಲು ನಮಗೆ ಬಲ ಬರುತ್ತದೆ. ನಿಮ್ಮ ಬಡಾವಣೆಯ ಆಸ್ಪತ್ರೆಯಲ್ಲಿ ಚಟ ಬಿಡಿಸುವ ಸಲಹೆ ಕೊಡುವವರಿಗೆ ಕನ್ನಡ ಬರುತ್ತದೆಯೇ ಎಂದು ವಿಚಾರಿಸಿ, ಬರದಿದ್ದರೆ ಬರೆದುಕೊಂಡು ಬನ್ನಿ.

9ನೇ ಕಲಮಿಗೆ ಕರ್ನಾಟಕದ ತಿದ್ದುಪಡಿ ಬೇಕೆಂದು ಆರೋಗ್ಯ ಸಚಿವರಿಗೂ ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೂ ಕೊಡುವ ಮನವಿಯನ್ನು ಬರೆದಿಟ್ಟಿದ್ದೇನೆ. ಒಂದು ಪುಟ. ಅಚ್ಚು ಹಾಕಿದ ಖರ್ಚು ನನ್ನದು. ಈ ಪತ್ರಿಕೆ ಹಂಚುವ ಹುಡುಗರ ಕೈಯಲ್ಲಿ ಮುಂದಿನ ವಾರದಿಂದ ಅದರ ಪ್ರತಿಗಳು ಇರುತ್ತವೆ. ಹೆಸರು, ಊರು, ವಯಸ್ಸು ಬರೆದು ಸಹಿ ಹಾಕಿ ವಾಪಸು ಕೊಡಿ. ಸೇದುವವರೂ ಹಾಕಬಹುದು, ಅವರ ಸಹಿಯೇ ಮೊದಲು ಬೇಕು.